‘ಅವರನ್ನು ಸರಿಯಾಗಿ ಕಳಿಸಿಕೊಡಲೂ ಇಲ್ಲ’

ಪ್ರಶ್ನೆ: ನನಗೆ 46 ವರ್ಷ, ಹುಬ್ಬಳ್ಳಿಯಲ್ಲಿ ಶಾಲಾ ಶಿಕ್ಷಕಿ. ನಮ್ಮದು ಅಜ್ಜನ ಕಾಲದಿಂದಲೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ನಮ್ಮ ಯಜಮಾನರು 14 ತಿಂಗಳ ಹಿಂದೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾಯಿಲೆ ಗೊತ್ತಾದ ಮೇಲೆ ಉಳಿದದ್ದು ಏಳೇ ತಿಂಗಳು. ಕೀಮೋ ನಡೆಯುತ್ತಿದ್ದಾಗ ಒಬ್ಬ ಬೋಧಕರು ಮನೆಗೆ ಬಂದು ಅವರ ತಲೆಯ ಮೇಲೆ ಕೈಯಿಟ್ಟು, ಹಿಜ್ಕೀಯ ಅರಸನಿಗೆ ಕೊಟ್ಟ ಹಾಗೆ ಇವರಿಗೂ ಹದಿನೈದು ವರ್ಷ ಆಯುಸ್ಸು ಕೊಡಲಾಗಿದೆ ಎಂದು ಪ್ರವಾದನೆ ಹೇಳಿದರು. ಚಿಕಿತ್ಸೆ ನಿಲ್ಲಿಸಲಿಲ್ಲ, ಆದರೆ ನಾನು ಆ ಮಾತನ್ನು ಪೂರ್ತಿ ನಂಬಿದೆ. ಆಮೇಲೆ ಅವರು ‘ನಾನು ಹೋದ ಮೇಲೆ...’ ಎಂದು ಬಾಯಿ ತೆರೆದಾಗಲೆಲ್ಲ ‘ಅವಿಶ್ವಾಸದ ಮಾತು ಆಡಬೇಡಿ’ ಎಂದು ತಡೆದೆ. ಕೊನೆಗೆ ಒಂದು ಮಾತೂ ಆಗಲಿಲ್ಲ. ಅವರನ್ನು ಸರಿಯಾಗಿ ಕಳಿಸಿಕೊಡಲೂ ಇಲ್ಲ.

ಈಗ ಸಭೆಯಲ್ಲಿ ಕೆಲವರು ‘ಎಲ್ಲೋ ನಂಬಿಕಿ ಅಲುಗಾಡಿರಬೇಕು’ ಅನ್ನುತ್ತಾರೆ. ಕೆಲವರು ‘ಅವರು ಕರ್ತನ ಹತ್ರ ಅದಾರ, ಅಳಬ್ಯಾಡ್ರಿ, ನಿರೀಕ್ಷೆ ಇಲ್ಲದವ್ರು ಅಳ್ತಾರ’ ಅನ್ನುತ್ತಾರೆ. ಇಬ್ಬರೂ ಕ್ವಾಯರ್‌ನಲ್ಲಿದ್ದೆವು, ಅವರದು ಬೇಸ್, ತಗ್ಗಿನ ದನಿ. ಈಗ ಗೀತೆ ಶುರುವಾದರೆ ಗಂಟಲು ಕಟ್ಟುತ್ತದೆ, ಎದ್ದು ಹೊರಗೆ ಬರುತ್ತೇನೆ. ರಾತ್ರಿ ಅವರ ಫೋಟೊ ಜೊತೆ ಮಾತಾಡುತ್ತೇನೆ, ಅದು ಪಾಪವೇ? 16 ವರ್ಷದ ಮಗ ದೇವಾಲಯಕ್ಕೆ ಬರುವುದನ್ನೇ ಬಿಟ್ಟಿದ್ದಾನೆ. ಮಾನಸಿಕ ವೈದ್ಯರನ್ನು ನೋಡು ಎಂದು ತಂಗಿ, ಪ್ರಾರ್ಥನೆ ಸಾಲದೇ ಎಂದು ಅತ್ತೆ. ಒಮ್ಮೊಮ್ಮೆ ಪ್ರಭು ನನ್ನನ್ನೂ ಕರೆದುಕೊಳ್ಳಲಿ ಅನಿಸುತ್ತದೆ. ಕ್ವಾಯರ್‌ನವರು ಅವರ ಸಂಗೀತ ಪುಸ್ತಕವನ್ನು ಹೊಸ ಹುಡುಗನಿಗೆ ಕೊಡಿ ಎಂದು ಕೇಳಿದ್ದಾರೆ. ಅದರ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಸೊಸೈಟಿ ಸಾಲದ ಲೆಕ್ಕ, ಮಗನ ಫೀಸಿನ ಲೆಕ್ಕ, ಕೆಳಗೆ ಮೂರು ಗೀತೆಗಳ ನಂಬರ್ ಬರೆದಿದ್ದಾರೆ. ಕೊಡಲೋ ಬೇಡವೋ ತಿಳಿಯುತ್ತಿಲ್ಲ. ನನ್ನ ನಂಬಿಕೆಯೇ ಸತ್ತುಹೋಗಿದೆಯೇ?

ಉತ್ತರ: ‘ಪ್ರಭು ನನ್ನನ್ನೂ ಕರೆದುಕೊಳ್ಳಲಿ’ ಎಂದು ಬರೆದಿದ್ದೀರಲ್ಲ, ಮೊದಲು ಆ ಸಾಲು. ಉಳಿದದ್ದು ಆಮೇಲೆ.

ಮಿಷನ್ ಆಸ್ಪತ್ರೆಯಲ್ಲಿ ಮೊದಲು ನರ್ಸ್ ಆಗಿ, ಆಮೇಲೆ ಆಪ್ತಸಮಾಲೋಚಕಿಯಾಗಿ ನಾನು ಕಳೆದ ವರ್ಷಗಳಲ್ಲಿ ಈ ಮಾತನ್ನು ಕ್ರೈಸ್ತ ಮನೆಗಳಲ್ಲಿ ನೂರಾರು ಸಲ ಕೇಳಿದ್ದೇನೆ. ಪ್ರಾರ್ಥನೆಯ ಧಾಟಿಯಲ್ಲಿರುವುದರಿಂದ ಯಾರೂ ಬೆಚ್ಚಿಬೀಳುವುದಿಲ್ಲ, ‘ಆಮೆನ್’ ಎಂದು ಮುಂದೆ ಹೋಗುತ್ತಾರೆ. ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳು ಇರಬಹುದು. ಒಂದು, ಅವರನ್ನು ಮತ್ತೆ ನೋಡಬೇಕೆಂಬ ಹಂಬಲ. ಅದು ಸಹಜ, ಅಪಾಯವಿಲ್ಲ. ಇನ್ನೊಂದು, ಬದುಕನ್ನು ಮುಗಿಸಿಕೊಳ್ಳಬೇಕೆಂಬ ಯೋಚನೆ. ಎರಡಕ್ಕೂ ಮಾತು ಒಂದೇ, ಹೊರಗಿನವರಿಗೆ ಗುರುತು ಸಿಗುವುದಿಲ್ಲ. ಹಾಗಾಗಿ ನೇರವಾಗಿ ಕೇಳುತ್ತೇನೆ: ಹೇಗೆ, ಯಾವಾಗ ಎಂದು ಯೋಚಿಸಿದ್ದೀರಾ? ಮನೆಯಲ್ಲಿ ಉಳಿದ ನೋವಿನ ಮಾತ್ರೆಗಳನ್ನು ಎತ್ತಿಟ್ಟುಕೊಂಡಿದ್ದೀರಾ? ಹೌದು ಎಂದಾದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ತಂಗಿಯನ್ನು ಮನೆಗೆ ಕರೆಸಿಕೊಂಡು, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದಿನದ ಯಾವ ಹೊತ್ತಿಗಾದರೂ. ಇಲ್ಲ ಎಂದಾದರೂ ಮಾತ್ರೆಗಳನ್ನು ಮನೆಯಲ್ಲಿಡಬೇಡಿ, ತಂಗಿಯ ಕೈಯಲ್ಲಿ ಕೊಟ್ಟು ಕಳಿಸಿ.

ಇನ್ನು ಉಳಿದದ್ದು. ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಆದರೆ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಪ್ರಶ್ನೆಯ ರೂಪದಲ್ಲಿಲ್ಲದ ಆ ಸಣ್ಣ ವಾಕ್ಯ ಎಂದು ನನಗನಿಸುತ್ತದೆ: ಸರಿಯಾಗಿ ಕಳಿಸಿಕೊಡಲೂ ಇಲ್ಲ. ಅದಕ್ಕೆ ಬರುವ ಮೊದಲು ಸುತ್ತಲಿನವರು ಹೊರಿಸಿರುವ ಮೂಟೆಗಳನ್ನು ಇಳಿಸಬೇಕು.

‘ನಿರೀಕ್ಷೆ ಇಲ್ಲದವರು ಅಳುತ್ತಾರೆ’ ಎನ್ನುವವರು ನೆಚ್ಚಿಕೊಂಡಿರುವುದು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದ 13ನೇ ವಚನವನ್ನು. ಪುಸ್ತಕ ತೆರೆದು ಓದಿ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆ, ದುಃಖಿಸಲೇಬೇಡಿ ಎಂದಿಲ್ಲ. ಬರೆದ ಪೌಲನೇ ಫಿಲಿಪ್ಪಿಯವರಿಗೆ ಬರೆಯುವಾಗ, ಎಪಫ್ರೊದೀತ ಕಾಯಿಲೆಯಿಂದ ಸಾಯುವ ಹಾಗಿದ್ದ, ದೇವರು ಕರುಣೆ ತೋರಿಸಿದ್ದರಿಂದ ನನಗೆ ದುಃಖದ ಮೇಲೆ ದುಃಖ ಬರುವುದು ತಪ್ಪಿತು ಎನ್ನುತ್ತಾನೆ. ಗೆಳೆಯ ಸತ್ತಿದ್ದರೆ ಪೌಲನೂ ಅಳುತ್ತಿದ್ದ ಎಂದು ತಾನೇ ಅರ್ಥ? ನಂಬಿಕೆಗಾಗಿ ಕಲ್ಲೆಸೆತಕ್ಕೆ ಸತ್ತ ಸ್ತೆಫನನನ್ನು ಹೂಳಿದ ಭಕ್ತರು ದೊಡ್ಡ ದನಿಯಲ್ಲಿ ಗೋಳಾಡಿದರು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಸ್ತೆಫನನಂತೂ ಸಾಯುವ ಮುಂಚೆ ಆಕಾಶ ತೆರೆದದ್ದನ್ನು ಕಂಡವನು. ಅವನು ಎಲ್ಲಿಗೆ ಹೋದನೆಂಬ ಬಗ್ಗೆ ಅವರಿಗೆ ಒಂದು ಚೂರೂ ಅನುಮಾನವಿರಲಿಲ್ಲ. ಆದರೂ ಗೋಳಾಡಿದರು.

ಬೇಥಾನ್ಯದ ಮನೆಯನ್ನು ನೋಡಿ. ಲಾಜರ ಸತ್ತು ನಾಲ್ಕು ದಿನವಾಗಿತ್ತು. ಅವನ ಅಕ್ಕ ಮಾರ್ಥ ದಾರಿಗೆ ಬಂದು ಯೇಸುವಿಗೆ, ಸ್ವಾಮೀ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದಳು. ಸ್ವಲ್ಪ ಹೊತ್ತಿಗೆ ಅವಳ ತಂಗಿ ಮರಿಯಳೂ ಬಂದು ಅದೇ ಮಾತನ್ನು ಹೇಳಿದಳು. ಮಾತು ಒಂದೇ, ಆದರೆ ಸಿಕ್ಕ ಉತ್ತರ ಬೇರೆ. ಮಾರ್ಥಳಿಗೆ ಪುನರುತ್ಥಾನದ ಮಾತು ಸಿಕ್ಕಿತು, ಮರಿಯಳಿಗೆ ಆತನ ಕಣ್ಣೀರು ಸಿಕ್ಕಿತು. ನಾನು ಆಸ್ಪತ್ರೆಯ ಮಂಚಗಳ ಪಕ್ಕ ಕೂತು ಕೂತು ಕಲಿತದ್ದು ಇಷ್ಟೇ: ಯಾರಿಗೆ ಮಾತು ಬೇಕು, ಯಾರಿಗೆ ಕಣ್ಣೀರು ಬೇಕು ಎಂದು ತಿಳಿಯದವರು ಸಾಂತ್ವನ ಹೇಳಲು ಹೊರಡಬಾರದು. ಇನ್ನೂ ಒಂದು ವಿಷಯ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಗವಿಯಿಂದ ನಡೆದು ಬರುತ್ತಾನೆಂದು ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತನು. ನಿರೀಕ್ಷೆ ಇದ್ದರೆ ಅಳು ಬರಬಾರದು ಎನ್ನುವ ಲೆಕ್ಕ ಅಲ್ಲೇ ಮುರಿದುಬೀಳುತ್ತದೆ.

‘ನಂಬಿಕಿ ಅಲುಗಾಡಿರಬೇಕು’ ಎಂದವರ ಮಾತು ಇದಕ್ಕಿಂತ ಕ್ರೂರ. ಅವರು ಕೇಡು ಬಯಸುವವರಲ್ಲ ಎಂದು ಇಟ್ಟುಕೊಳ್ಳೋಣ. ನಿಮ್ಮ ಮನೆಗೆ ಬಂದದ್ದು ನಾಳೆ ತಮ್ಮ ಮನೆಗೂ ಬರಬಹುದೆಂಬ ಭಯ ಅವರಿಗೆ. ನಿಮ್ಮಲ್ಲಿ ಏನೋ ಕೊರತೆ ಇತ್ತು ಎಂದುಬಿಟ್ಟರೆ ತಾವು ಸುರಕ್ಷಿತ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರೂ ಇದನ್ನೇ ಮಾಡಿದರು. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು, ಅಲ್ಲಿಯವರೆಗೆ ಒಳ್ಳೆಯವರೇ. ಬಾಯಿ ತೆರೆದ ಮೇಲೆ ಕೆಟ್ಟಿತು. ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ. ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಇವರಲ್ಲಿ ಯಾರ ನಂಬಿಕೆ ಅಲುಗಾಡಿತ್ತು?

ನರ್ಸ್ ಆಗಿ ಒಂದು ಮಾತು ಸೇರಿಸುತ್ತೇನೆ. ಮೇದೋಜೀರಕ ಗ್ರಂಥಿ ಹೊಟ್ಟೆಯ ಆಳದಲ್ಲಿ, ಜಠರದ ಹಿಂದೆ ಇದೆ. ಅಲ್ಲಿ ಗಡ್ಡೆ ಬೆಳೆದರೂ ಬಹಳ ದಿನ ಗ್ಯಾಸ್, ಬೆನ್ನುನೋವು, ಹಸಿವಿಲ್ಲ ಎಂದಷ್ಟೇ ತೋರುತ್ತದೆ. ಗೊತ್ತಾಗುವ ಹೊತ್ತಿಗೆ ಹೆಚ್ಚಿನವರಲ್ಲಿ ಆಪರೇಷನ್ ಮಾಡುವ ಹಂತ ದಾಟಿರುತ್ತದೆ. ಏಳು ತಿಂಗಳು ಎಂದು ಬರೆದಿದ್ದೀರಿ. ಆ ಕಾಯಿಲೆಯ ನಡೆಯೇ ಅಂಥದ್ದು. ಕೀಮೋ ನಿಲ್ಲಿಸದೆ ಇದ್ದದ್ದರಿಂದ ಪ್ರವಾದನೆ ಅವರ ಆಯುಸ್ಸಿನಿಂದ ಒಂದು ದಿನವನ್ನೂ ಕಸಿದಿಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡರೂ ತಪ್ಪಿಲ್ಲ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ಮನಸ್ಸು ಇದನ್ನು ಮರೆತುಬಿಡುತ್ತದೆ.

ಆ ಬೋಧಕರ ವಿಷಯ. ಹಿಜ್ಕೀಯನ ಕಥೆಯನ್ನು ಅವರು ಅರ್ಧಕ್ಕೆ ನಿಲ್ಲಿಸಿದ್ದಾರೆ. ಅದೇ ಅಧ್ಯಾಯದಲ್ಲಿ ಪ್ರವಾದಿ ಯೆಶಾಯ ಹುಣ್ಣಿನ ಮೇಲೆ ಅಂಜೂರದ ಮುದ್ದೆ ಕಟ್ಟಿಸುತ್ತಾನೆ, ಅಂದರೆ ಔಷಧಿಯೂ ಇತ್ತು. ಹದಿನೈದು ವರ್ಷ ಕಳೆದ ಮೇಲೆ ಹಿಜ್ಕೀಯನೂ ಸತ್ತ. ಅಷ್ಟೇಕೆ, ಎದ್ದು ಬಂದ ಲಾಜರನೂ ಮತ್ತೊಮ್ಮೆ ಸತ್ತಿರಲೇಬೇಕು. (ಆ ಅಕ್ಕತಂಗಿಯರು ಎರಡನೇ ಸಲ ಹೇಗೆ ತಡೆದುಕೊಂಡರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.) ಕರ್ತನ ಹೆಸರಲ್ಲಿ ಹೇಳಿದ ಮಾತು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಹೇಳಿದವನು ಅಹಂಕಾರದಿಂದ ಹೇಳಿದ್ದು ಎಂದು ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಹೇಳುತ್ತದೆ. ಹೊಣೆ ಹೇಳಿದವರದು, ನಂಬಿದವರದಲ್ಲ. ಅವರನ್ನು ಎದುರು ಕೂರಿಸಿ ಕೇಳಬೇಕೆನಿಸಿದರೆ ಒಬ್ಬರೇ ಹೋಗಬೇಡಿ, ಸಭಾಪಾಲಕರನ್ನು ಜೊತೆಗೆ ಕರೆದುಕೊಳ್ಳಿ. ಕೇಳದಿದ್ದರೂ ನಡೆಯುತ್ತದೆ. ತಪ್ಪೊಪ್ಪಿಗೆ ಸಿಗುತ್ತದೆ ಎಂಬ ಆಸೆಯಿಟ್ಟು ಹೋಗಿ, ‘ನಿಮ್ಮಲ್ಲೇ ಸಂದೇಹವಿತ್ತು’ ಎಂಬ ಉತ್ತರ ತಂದವರನ್ನು ನಾನು ಕಂಡಿದ್ದೇನೆ.

ಈಗ ಆ ವಾಕ್ಯಕ್ಕೆ ಬರೋಣ.

ವಾರ್ಡಿನಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ನಡೆಯುತ್ತದೆ. ಒಳಗೆ ಮಂಚದ ಮೇಲಿರುವ ಗಂಡ ಮೆಲ್ಲಗೆ ಕರೆದು, ‘ಸಿಸ್ಟರ್, ಇನ್ನು ಜಾಸ್ತಿ ದಿನ ಇಲ್ಲ ಅಂತ ನಂಗೆ ಗೊತ್ತದ, ಅಕಿಗೆ ಹೇಳಬ್ಯಾಡ್ರಿ, ತಡಕೊಳ್ಳೂದಿಲ್ಲ’ ಎನ್ನುತ್ತಾರೆ. ಹೊರಗೆ ಬಂದರೆ ಕಾರಿಡಾರಿನಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು, ‘ಅವರಿಗೆ ಗೊತ್ತಾಗಬಾರದು, ಧೈರ್ಯ ಕಳಕೊಳ್ತಾರ’ ಎನ್ನುತ್ತಾರೆ. ಇಬ್ಬರಿಗೂ ಗೊತ್ತು, ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದಾರೆ. ಪ್ರವಾದನೆ ಇಲ್ಲದ ಮನೆಗಳಲ್ಲೂ, ಹಿಂದೂ ಮನೆಗಳಲ್ಲೂ, ಮುಸ್ಲಿಂ ಮನೆಗಳಲ್ಲೂ ಹೀಗೇ. ನೀವು ಬಾಯಿ ತಡೆದದ್ದು ನಂಬಿಕೆಯ ಹೆಸರಲ್ಲಿ, ಬೇರೆಯವರು ಧೈರ್ಯದ ಹೆಸರಲ್ಲಿ. ಒಳಗಿದ್ದದ್ದು ಪ್ರೀತಿಯೇ.

ಹಾಗೆಂದು ಏನೂ ಆಗಿಲ್ಲ ಎಂದು ಸಮಾಧಾನ ಹೇಳಿ ನಿಮ್ಮನ್ನು ಕಳಿಸಲಾರೆ. ಏನೋ ಆಯಿತು. ಆಡಬೇಕಾದ ಮಾತು ಆಡದೆ ಉಳಿಯಿತು, ಅದಕ್ಕೆ ವಿಷಾದಪಡುವುದು ಸರಿಯೇ. ಆದರೆ ವಿಷಾದ ಬೇರೆ, ಅಪರಾಧ ಬೇರೆ. ಅಪರಾಧಕ್ಕೆ ಕ್ಷಮೆ ಬೇಕು. ವಿಷಾದಕ್ಕೆ ಬೇಕಾದದ್ದು ಆ ಮಾತನ್ನು ಎಲ್ಲಾದರೂ ಆಡಿ ಮುಗಿಸುವ ಜಾಗ. ನಿಮ್ಮಲ್ಲಿ ಎರಡೂ ಕಲಸಿಹೋಗಿವೆ. ಅಪರಾಧವೂ ಇದೆ ಎಂದು ಮನಸ್ಸು ಹಟ ಹಿಡಿದರೆ ನಿಮ್ಮ ಸಭಾಪಾಲಕರ ಹತ್ತಿರ ಒಂದು ದಿನ ಹೋಗಿ, ಇದೊಂದೇ ವಿಷಯ ಹೇಳಿ, ಪ್ರಾರ್ಥನೆ ಮಾಡಿಸಿಕೊಳ್ಳಿ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇರುವುದರಿಂದ ಈ ದಾರಿ ಸುಲಭ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಾಗಿಲು ಇದೆ, ತಟ್ಟುವವರು ಕಡಿಮೆ.

ವಿಷಾದಕ್ಕೆ ಪತ್ರ. ಅವರು ‘ನಾನು ಹೋದ ಮೇಲೆ’ ಎಂದು ಶುರುಮಾಡಿದ ಒಂದು ಸಂಜೆಯನ್ನು ಆರಿಸಿಕೊಳ್ಳಿ. ಆ ಸಂಜೆ ನೀವು ತಡೆಯದೆ ಇದ್ದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಅವರಿಗೇ ಬರೆಯಿರಿ. ಬಯ್ಯಬೇಕೆನಿಸಿದರೆ ಅದನ್ನೂ ಬರೆಯಿರಿ; ನಮ್ಮನ್ನು ಬಿಟ್ಟು ಹೋದವರ ಮೇಲೆ ಸಿಟ್ಟು ಬಾರದ ಹೆಂಡತಿ ನನಗೆ ಇನ್ನೂ ಸಿಕ್ಕಿಲ್ಲ. ಹಗಲು ಹೊತ್ತಿನಲ್ಲಿ, ತಂಗಿ ಪಕ್ಕದ ಕೋಣೆಯಲ್ಲಿದ್ದಾಗ ಬರೆಯಿರಿ, ರಾತ್ರಿ ಒಬ್ಬರೇ ಬೇಡ. ಮುಗಿದ ಮೇಲೆ ಸಮಾಧಿಯ ಹತ್ತಿರ ಗಟ್ಟಿಯಾಗಿ ಓದಿ. ಈ ಕೆಲಸದಿಂದ ಎರಡು ಮೂರು ದಿನ ಅಳು ಹೆಚ್ಚಾಗಬಹುದು. ವಾರವಾದರೂ ಇಳಿಯದೆ ನಿದ್ದೆ, ಊಟ ಕೆಟ್ಟರೆ ಒಬ್ಬರೇ ಮುಂದುವರಿಸಬೇಡಿ.

ಫೋಟೊ ಜೊತೆ ಮಾತಾಡುವುದು ಪಾಪವೇ ಎಂದು ಕೇಳಿದ್ದೀರಿ. ಸತ್ಯವೇದ ನಿಷೇಧಿಸುವುದು ಸತ್ತವರನ್ನು ಕರೆಸಿ ಅವರಿಂದ ಸಂಗತಿ ಕೇಳಿ ತಿಳಿಯುವುದನ್ನು. ‘ಇವತ್ತು ಮಗನ ರಿಸಲ್ಟ್ ಬಂತು ರೀ’ ಎಂದು ಗಂಡನ ಫೋಟೊಗೆ ಹೇಳುವುದು ಇಪ್ಪತ್ತು ವರ್ಷದ ರೂಢಿ, ಅದು ಒಂದು ಶವಪೆಟ್ಟಿಗೆ ಮುಚ್ಚಿದ ದಿನ ನಿಲ್ಲುವಂಥದ್ದಲ್ಲ. ಸತ್ತವರ ಜೊತೆಗಿನ ಬಂಧವನ್ನು ಕಡಿದುಕೊಂಡರೇ ಗುಣ ಎಂದು ಮನಶ್ಶಾಸ್ತ್ರದವರೂ ಮೊದಲು ಹೇಳುತ್ತಿದ್ದರು, 1990ರ ದಶಕದಲ್ಲಿ ಆ ಮಾತು ಬದಲಾಯಿತು. ನಾನು ಗಮನಿಸುವುದು ಬೇರೆ: ಮಾತಾಡಿದ ಮೇಲೆ ಎದ್ದು ಅಡುಗೆಗೆ ಹೋಗುತ್ತೀರೋ, ಬೆಳಗಿನವರೆಗೆ ಅಲ್ಲೇ ಕೂರುತ್ತೀರೋ? ಎರಡನೆಯದಾದರೆ ಮುಂದಿನ ಮಾತು ನಿಮಗೇ.

ತಂಗಿ ಹೇಳುವುದೂ ಸರಿ, ಅತ್ತೆ ಹೇಳುವುದೂ ಸರಿ. ಆದರೆ ‘ಪ್ರಾರ್ಥನೆ ಸಾಲದೇ’ ಎಂಬ ಪ್ರಶ್ನೆ ಕೀಮೋ ಕೊಡಿಸುವಾಗ ಬರಲಿಲ್ಲ, ಈಗ ಮಾತ್ರ ಯಾಕೆ? ಪ್ರವಾದಿ ಎಲೀಯನು ಬದುಕು ಸಾಕೆಂದು ಜಾಲಿಗಿಡದ ಕೆಳಗೆ ಮಲಗಿ ಸಾವು ಬೇಡಿದಾಗ ದೂತನು ತಂದದ್ದು ರೊಟ್ಟಿ ಮತ್ತು ನೀರು. ತಿಂದು ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದರು. ದರ್ಶನ, ಮೆಲುದನಿ ಎಲ್ಲ ನಲವತ್ತು ದಿನ ಆಮೇಲೆ.

ದುಃಖಕ್ಕೆ ಐದು ಹಂತ ಎಂದು ಮೊಬೈಲಿನಲ್ಲಿ ಬರುವುದನ್ನು ನೋಡಿ ತಾನು ಎಷ್ಟನೆಯದರಲ್ಲಿದ್ದೇನೆ ಎಂದು ಎಣಿಸುವವರಿದ್ದಾರೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಆ ಹಂತಗಳನ್ನು ಹೇಳಿದ್ದು ಸಾಯುತ್ತಿರುವ ರೋಗಿಗಳ ಬಗ್ಗೆ, ಉಳಿದವರ ಬಗ್ಗೆ ಅಲ್ಲ. ಉಳಿದವರದು ಮೆಟ್ಟಿಲಲ್ಲ, ಜೋಕಾಲಿ. ಒಂದು ಹೊತ್ತು ಅಗಲಿಕೆಯ ಕಡೆ ತೂಗುತ್ತದೆ, ಇನ್ನೊಂದು ಹೊತ್ತು ಶಾಲೆ, ಸಾಲ, ಸಾರಿನ ಕಡೆ. ಎರಡೂ ಕಡೆ ಹೋಗಿ ಬರುತ್ತಿದ್ದರೆ 14 ತಿಂಗಳಲ್ಲ, ಮೂರು ವರ್ಷ ಅತ್ತರೂ ಅದು ಕಾಯಿಲೆಯಲ್ಲ. ಒಂದೇ ಕಡೆ ನಿಂತುಬಿಟ್ಟರೆ ಮಾತ್ರ ಕಷ್ಟ. ವರ್ಷ ದಾಟಿದ ಮೇಲೂ ಹೆಚ್ಚುಕಡಿಮೆ ದಿನವೂ ತಡೆಯಲಾರದ ಹಂಬಲ, ನಂಬಲಾಗದ ಸ್ಥಿತಿ, ತನ್ನಲ್ಲೇ ಅರ್ಧ ಸತ್ತುಹೋದಂತೆ, ಮರಗಟ್ಟಿದಂತೆ, ಬದುಕಿಗೆ ಅರ್ಥವೇ ಇಲ್ಲ ಅನಿಸುವುದು ಇವು ಒಟ್ಟಿಗೆ ಇದ್ದು ದಿನದ ಕೆಲಸ ಕೆಡುತ್ತಿದ್ದರೆ, ವೈದ್ಯರು ಅದನ್ನು ದೀರ್ಘಕಾಲದ ದುಃಖದ ಸಮಸ್ಯೆ ಎಂದು ಗುರುತಿಸುತ್ತಾರೆ. 2022ರಿಂದ ವೈದ್ಯಕೀಯ ಪಟ್ಟಿಗಳಲ್ಲೂ ಅದಕ್ಕೆ ಜಾಗವಿದೆ. ಅದಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಕೆಲವು ತಿಂಗಳು ನಡೆಯುತ್ತದೆ. ಜೊತೆಗೆ ಖಿನ್ನತೆ ಇದ್ದರೆ ಮಾತ್ರೆ ಕೊಡುತ್ತಾರೆ. ಮಾತ್ರೆಯಿಂದ ನಿದ್ದೆ, ಹಸಿವು ಸುಧಾರಿಸಬಹುದು, ಹಂಬಲವನ್ನು ಅದೊಂದೇ ತೆಗೆಯುವುದಿಲ್ಲ. ಶುರುವಿನ ವಾರಗಳಲ್ಲಿ ಹೊಟ್ಟೆ ತೊಳಸುವುದು, ಚಡಪಡಿಕೆ ಇರಬಹುದು, ತಾವಾಗಿ ನಿಲ್ಲಿಸಬಾರದು. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವಿದೆ. ಪತ್ರ ಓದಿ ರೋಗ ಹೇಳುವವಳು ನಾನಲ್ಲ, ಆದರೆ ಆ ‘ಕರೆದುಕೊಳ್ಳಲಿ’ ಎಂಬ ಸಾಲಿಗಾಗಿಯಾದರೂ ಒಮ್ಮೆ ಹೋಗಿ ತೋರಿಸಿಕೊಂಡು ಬನ್ನಿ ಎನ್ನುತ್ತೇನೆ.

ಮಗನ ಬಗ್ಗೆ. ಪ್ರವಾದನೆ ಹೇಳಿದಾಗ ಅವನೂ ಆ ಕೋಣೆಯಲ್ಲಿದ್ದನೇ? ಇದ್ದಿದ್ದರೆ ಅವನಿಗೆ ಅಪ್ಪನ ಜೊತೆ ದೇವರೂ ಸುಳ್ಳಾಗಿ ಹೋಗಿರಬಹುದು. ಭಾನುವಾರ ಕೈಹಿಡಿದು ಎಳೆಯಬೇಡಿ, ‘ಇನ್ನು ನೀನೇ ಮನೆಗೆ ಗಂಡಸು’ ಎಂದು ಹೇಳುವ ನೆಂಟರನ್ನು ದೂರವಿಡಿ. ಅವನಿಗೆ ನೀವು ಒಂದೇ ಮಾತು ಹೇಳಬಹುದು: ಆ ಬೋಧಕರ ಮಾತು ನಂಬಿ ಅಪ್ಪನನ್ನು ಮಾತಾಡಲು ಬಿಡಲಿಲ್ಲ, ನನಗೆ ಅದಕ್ಕೆ ಬಹಳ ಬೇಜಾರಿದೆ ಎಂದು. ಅವನು ಉತ್ತರ ಕೊಡದೆ ಎದ್ದು ಹೋಗಬಹುದು. ಹೋಗಲಿ. ಅವನು ಕೇಳಿಸಿಕೊಂಡಿರುತ್ತಾನೆ.

ಕ್ವಾಯರ್‌ಗೆ ಈಗ ಹೋಗಬೇಡಿ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರಿ, ಗೀತೆ ಬಂದಾಗ ಬೇರೆಯವರು ನಿಮ್ಮ ಪಾಲಿಗೂ ಹಾಡಲಿ. ಸಭೆ ಇರುವುದು ಅದಕ್ಕೇ. ಸ್ವಲ್ಪ ದಿನ ಬೇರೆ ದೇವಾಲಯಕ್ಕೆ ಹೋಗುವವರೂ ಇದ್ದಾರೆ. ಮುಖ ನೋಡುವವರಿಲ್ಲದೆ ಅಳಬಹುದು, ನಿಜ, ಆದರೆ ಅವರ ಬೇಸ್ ದನಿ ಕೇಳಿ ಗೊತ್ತಿರುವ ಒಬ್ಬರೂ ಅಲ್ಲಿರುವುದಿಲ್ಲ, ಅದು ಇನ್ನೊಂದು ಒಂಟಿತನ. ‘ದುಃಖದ ಆತ್ಮ’ವನ್ನು ಬಿಡಿಸುತ್ತೇವೆ ಎಂದು ಕರೆಯುವ ಕೂಟಗಳಿಗೆ ಮಾತ್ರ ಹೋಗಬೇಡಿ. ಒಮ್ಮೆ ಬಿಡಿಸಿದ ಮೇಲೂ ಅಳು ಬಂದರೆ ಮತ್ತೆ ನಿಮ್ಮದೇ ತಪ್ಪಾಗುತ್ತದೆ.

ಪ್ರಾರ್ಥನೆ ಬಾರದಿದ್ದರೆ 88ನೇ ಕೀರ್ತನೆ ಓದಿ. ಬೇರೆ ಪ್ರಲಾಪದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರದ ಕಡೆ ತಿರುಗುತ್ತವೆ, ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಯಾರೂ ಅದಕ್ಕೊಂದು ಒಳ್ಳೆಯ ಕೊನೆ ಸೇರಿಸಲಿಲ್ಲ, ಹಾಗೆಯೇ ಇಟ್ಟುಕೊಂಡರು. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ‘ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬ ಸಾಲೇ. ನಿಮ್ಮ ನಂಬಿಕೆ ಸತ್ತಿದೆಯೇ ಎಂದು ಕೇಳಿದ್ದೀರಿ. ಯಾಕೆ ಎಂದು ಕೇಳುತ್ತಿದ್ದೀರಿ, ಅಂದರೆ ಕೇಳಿಸಿಕೊಳ್ಳುವವನೊಬ್ಬನಿದ್ದಾನೆ ಎಂದು ಇನ್ನೂ ಲೆಕ್ಕವಿಟ್ಟಿದ್ದೀರಿ. ಸತ್ತ ನಂಬಿಕೆಗೆ ಜಗಳ ಆಡಲು ಬರುವುದಿಲ್ಲ.

ಪುಸ್ತಕವನ್ನು ಕೊಡಬೇಡಿ. ಹೊಸ ಹುಡುಗನಿಗೆ ಹೊಸ ಪ್ರತಿ ಕೊಡಿಸಿ, ಬೇಕಾದರೆ ಅವರ ಹೆಸರಿನಲ್ಲಿ. ಹಿಂದಿನ ಪುಟದ ಬಗ್ಗೆ ನೀವು ಸುಮ್ಮನೆ ಬರೆದು ಮುಂದೆ ಹೋಗಿದ್ದೀರಿ, ನಾನು ಅಲ್ಲೇ ನಿಂತೆ. ಸೊಸೈಟಿ ಸಾಲ, ಮಗನ ಫೀಸು. ‘ನಾನು ಹೋದ ಮೇಲೆ’ ಎಂದು ಬಾಯಿ ತೆರೆದಾಗ ಅವರು ಹೇಳಹೊರಟಿದ್ದು ಇದೇ ಇರಬೇಕಲ್ಲವೇ? ನೀವು ತಡೆದಿರಿ, ಅವರು ಜಗಳ ಮಾಡಲಿಲ್ಲ, ನೀವು ಒಂದಲ್ಲ ಒಂದು ದಿನ ತೆರೆಯುವ ಪುಸ್ತಕದಲ್ಲಿ ಬರೆದಿಟ್ಟರು. ಅದರ ಕೆಳಗೆ ಮೂರು ಗೀತೆಗಳಿವೆ ಎಂದಿದ್ದೀರಿ. ಪತ್ರದಲ್ಲಿ ನಂಬರ್ ಎಂದಷ್ಟೇ ಇದೆ, ಗೀತೆಗಳು ಯಾವುವು ಎಂದಿಲ್ಲ. ಇನ್ನೂ ತೆಗೆದು ನೋಡಿಲ್ಲವೇ?